ಖಾಲಿ ಬ್ರಾಕೆಟ್ಟು

ಹೋದ ತಿಂಗಳು ಸಂಡೂರಿನಲ್ಲಿ ಅದಿರು ಲಾರಿಯೊಂದರ ಹಿಂಬದಿಯ ಕೆಂಧೂಳಿನ ಮೇಲೆ ಯಾರೋ ಬೆರಳಿನಿಂದ ಹೆಸರು ಗೀಚಿದ್ದರು. ನೋಡಿದ್ದೇ ತಡ, ಯಶವಂತನಗರದ ನಮ್ಮ ಪಕ್ಕದ ಮನೆಯ ಅಕ್ಕ ನೆನಪಾದಳು...

ನಾನಾಗ ಹತ್ತನೇ ಕ್ಲಾಸು. ಗಣಿತದಲ್ಲಿ ಫೇಲಾದರೆ ಓದು ಬಿಡಿಸುತ್ತೇನೆಂದು ಅಪ್ಪ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದ. ಅಕ್ಕನಿಗೂ ಹಾಗೇ ಆಗಿತ್ತು. ಗಣಿತವೊಂದರಲ್ಲೇ ಬಿದ್ದು, ನಾಲ್ಕು ವರ್ಷದಿಂದ ಮನೆಯಲ್ಲಿ ಕೂತಿದ್ದಳು. ಬೆಳಿಗ್ಗೆ ಒರೆಸಿದ ಟ್ರಂಕಿನ ಮೇಲೆ ಸಂಜೆಗೆ ಮತ್ತೆ ಧೂಳು ಕೂರುವ ಊರು ನಮ್ಮದು. ಬೆರಳಿನಿಂದ ಲೆಕ್ಕ ಬರೆದು ನನಗೆ ಕಲಿಸಲು ಆ ಟ್ರಂಕೇ ಅಕ್ಕನ ಪಾಟಿ. ದಿನಕ್ಕೊಂದೇ ಲೆಕ್ಕ, ಒರೆಸಿದರೆ ಮರುದಿನದ ಧೂಳಿಗೆ ಕಾಯಬೇಕು.

x ಬೆಲೆ ಮೈನಸ್ ಮೂರಾದರೆ x² − 2x ಎಷ್ಟು? ನನಗೆ ಒಮ್ಮೆ ಮೈನಸ್ ಹದಿನೈದು, ಇನ್ನೊಮ್ಮೆ ಮೈನಸ್ ಹದಿನಾಲ್ಕು. ಹಾಳಾದ ಮೈನಸ್ಸು!

“ಲೇ, ಗಡಬಡ ಮಾಡಬ್ಯಾಡ. x ಇದ್ದಲ್ಲೆಲ್ಲ ಮೊದಲು ಖಾಲಿ ಬ್ರಾಕೆಟ್ ಹಾಕು. ಆಮ್ಯಾಲ ಅದರಾಗ ಮೈನಸ್ ಮೂರು ಇಡು,” ಎನ್ನುತ್ತಿದ್ದಳು. ಹಾಗೆ ಮಾಡಿದರೆ ವರ್ಗ ಒಂಬತ್ತು, ಮೈನಸ್ಸಿಗೆ ಮೈನಸ್ಸು ಸೇರಿ ಪ್ಲಸ್ ಆರು, ಒಟ್ಟು ಹದಿನೈದು.

ಒಂದು ಸಂಜೆ ಮತ್ತೆ ತಪ್ಪಿತು. ನನ್ನ ಸಿಟ್ಟು ಅವಳ ಮೇಲೆ ತಿರುಗಿತು. “ನೀನೇ ಫೇಲಾದಾಕಿ, ನನಗೇನ್ ಕಲಿಸ್ತಿ?”

ಅಕ್ಕನ ಮುಖ ಸಪ್ಪಗಾಯಿತು. “ಬಿದ್ದಾಕಿಗೇ ಗೊತ್ತವ್ವ, ಎಲ್ಲಿ ಕಾಲು ಜಾರ್ತೈತಿ ಅಂತ,” ಎಂದು ಅದೇ ಲೆಕ್ಕವನ್ನು ಮತ್ತೆ ಹೇಳಿಕೊಟ್ಟಳು. ತಪ್ಪಾಯಿತು ಎನ್ನಲು ನನ್ನ ಸೊಕ್ಕು ಬಿಡಲಿಲ್ಲ. ಪರೀಕ್ಷೆಗೆ ಮುಂಚೆಯೇ ಅವಳನ್ನು ಬಂಡ್ರಿಗೆ ಮದುವೆ ಮಾಡಿ ಕಳಿಸಿದರು.

ಪರೀಕ್ಷೆಯಲ್ಲಿ ಅಂಥದೇ ಲೆಕ್ಕ ಬಂತು. ಮೊದಲು ಖಾಲಿ ಬ್ರಾಕೆಟ್ ಹಾಕಿದೆ. ಪಾಸಾದೆ, ಓದಿದೆ, ಈಗ ಕಂಪ್ಲಿಯಲ್ಲಿ ಗಣಿತದ ಟೀಚರು. ಬಂಡ್ರಿಯೇನು ದೂರವೇ? ಆಡಿದ ಮಾತಿನ ನಾಚಿಕೆಗೆ ಇವತ್ತು, ನಾಳೆ ಅನ್ನುತ್ತಲೇ ವರ್ಷಗಳು ಕಳೆದವು...

ಲಾರಿ ನೋಡಿದ ದಿನ ನೇರ ಬಂಡ್ರಿ ಬಸ್ಸು ಹತ್ತಿದೆ. ಅಕ್ಕ ತೀರಿಕೊಂಡು ಎರಡು ವರ್ಷವಾಗಿತ್ತು. ಹೆಸರು ಹೇಳಿದ್ದೇ ಗುರುತು ಹಿಡಿದ ಅವಳ ಮಗಳು ಚಹಾ ಕೊಟ್ಟು ಎದುರಿಗೆ ಕುಳಿತಳು.

“ನಿಮ್ಮ ರಿಜಲ್ಟ್ ದಿನ ಅವ್ವ ಯಾರಿಗೂ ಹೇಳದ ನಿಮ್ಮ ಸಾಲಿಗೆ ಬಂದಿದ್ಲಂತ್ರಿ. ಬೋರ್ಡಿನ್ಯಾಗ ನಿಮ್ಮ ನಂಬರ್ ನೋಡಿದ್ಲಂತ. ನೀವು ಗೆಳತ್ಯಾರ ಜೋಡಿ ನಗಾಕತ್ತಿದ್ರಂತ. ಮಾತಾಡ್ಸಾಕ ಧೈರ್ಯ ಸಾಲ್ದ ಹಂಗ ವಾಪಸ್ ಬಂದ್ಲಂತ್ರಿ.”

ಚಹಾದ ಲೋಟ ಕೆಳಗಿಟ್ಟೆ. ಧೈರ್ಯ ಬೇಕಿದ್ದದ್ದು ನನಗೆ. ಆ ಹುಡುಗಿಯ ಕೈ ಹಿಡಿದುಕೊಂಡು, ಅವಳ ತಾಯಿಗೆ ಹೇಳಬೇಕಿದ್ದುದನ್ನು ಅವಳಿಗೆ ಹೇಳಿದೆ.