ಕಣವಾದ ಮೈದಾನ

ಆ ಮೈದಾನವನ್ನು ಸರಿ ಮಾಡಲು ನಮ್ಮ ಕೈಯಿಂದ ಹೋದದ್ದು ತೊಂಬತ್ತು ರೂಪಾಯಿ. ಅದೂ ಕೆರೆಯ ಗೋಡುಮಣ್ಣು ಹೊಡೆದ ಎತ್ತಿನ ಗಾಡಿಯವರ ಬಾಡಿಗೆ. ನೂರಿಪ್ಪತ್ತು ಕೇಳಿದ್ದರು. ಬೆಳಿಗ್ಗೆ ಮಾತಾಡಲು ಹೋಗದೆ, ಎತ್ತು ಬಿಚ್ಚಿ ದಣಿದು ಕೂತ ಹೊತ್ತಿಗೆ ಹೋಗಿ ಮಾತಾಡಿದೆ, ಇಳಿದರು. ಮಿಕ್ಕದ್ದಕ್ಕೆ ಖರ್ಚಿಲ್ಲ. ಸಗಣಿ ಮನೆಮನೆಯಿಂದ ಬಂತು, ನೀರು ಕೆರೆಯದು, ರಾಗಿ ಒಕ್ಕುವ ರೋಣಗಲ್ಲು ಸುಗ್ಗಿ ಮುಗಿಸಿಕೊಂಡು ಸುಮ್ಮನೆ ಬಿದ್ದಿತ್ತು, ಆಳುಗಳು ನಾವೇ. ಇಷ್ಟೆಲ್ಲ ಯಾಕೆ ಮಾಡಿದೆವು ಅಂದರೆ, ತರೀಕೆರೆಯ ಒಬ್ಬರು ನಮ್ಮ ಕಡೂರಿನ ಹಾಕಿ ಮೈದಾನವನ್ನು ಹೊಲ ಎಂದು ಕರೆದಿದ್ದರು.

ನನ್ನದು ಹಳೇ ಗೋಣಿಚೀಲದ ವ್ಯಾಪಾರ. ಅಜ್ಜಂಪುರದಲ್ಲಿ ಈರುಳ್ಳಿಯವರಿಗೆ ಚೀಲ ಬೇಕು, ತರೀಕೆರೆಯಲ್ಲಿ ಅಕ್ಕಿ ಗಿರಣಿಯವರಿಗೆ ಬೇಕು, ಕಡೂರಿನಲ್ಲಿ ಕೊಬ್ಬರಿಯವರಿಗೆ ಬೇಕು. ಒಬ್ಬರು ಬಿಸಾಕಿದ್ದನ್ನು ಕೊಂಡು, ತೇಪೆ ಹಾಕಿಸಿ, ಇನ್ನೊಬ್ಬರಿಗೆ ಮಾರುವುದು. ಹೆಗಲ ಮೇಲೆ ಹೊತ್ತು ಶುರುಮಾಡಿದವನು, ಎಪ್ಪತ್ತರ ದಶಕದ ನಡುವಿಗೆ ಬಸ್‌ಸ್ಟ್ಯಾಂಡಿನ ಹತ್ತಿರ ಸ್ವಂತ ಮಳಿಗೆ ಮಾಡಿಕೊಂಡಿದ್ದೆ. ಹಾಕಿಗೂ ನನಗೂ ನಂಟು ಬಂದದ್ದು ಚೀಲದಿಂದಲೇ. ನಮ್ಮ ಟೀಮಿಗೆ ಗೋಲಿನ ಹಿಂದೆ ಕಟ್ಟಲು ಬಲೆ ಇರಲಿಲ್ಲ. ಮಾರಾಟಕ್ಕೆ ಬಾರದ ಹರಕು ಚೀಲಗಳನ್ನು ಒಂದಕ್ಕೊಂದು ಹೊಲಿಸಿ ಪರದೆಯ ಹಾಗೆ ಇಳಿಬಿಡಿಸಿದೆ. ಕೊಟ್ಟದ್ದು ಹರಕು, ಬಂದ ಹೆಸರು ಮಾತ್ರ ಹೊಸ ಚೀಲದ್ದು. ಅವತ್ತಿನಿಂದ ನನ್ನನ್ನು ಟೀಮಿನ ಹಿತೈಷಿ ಎಂದು ಕರೆಯತೊಡಗಿದರು.

ನಮ್ಮ ಕಡೆಗೆ ಹಾಕಿ ಬಂದದ್ದು ಬೀರೂರಿನ ರೈಲ್ವೆ ಕ್ವಾರ್ಟರ್ಸಿನಿಂದ. ಅಲ್ಲಿಗೆ ಬೇರೆ ಬೇರೆ ಕಡೆಯಿಂದ ವರ್ಗವಾಗಿ ಬಂದವರು ಸಂಜೆ ಆಡುತ್ತಿದ್ದರು. ನೋಡಿ ಕಲಿತ ನಮ್ಮ ಹುಡುಗರು ಅವರ ಹಳೇ ಸ್ಟಿಕ್ಕುಗಳನ್ನು ತಂದು, ಕಡೂರಿನ ಹೊರಗೆ ಇದ್ದ ಒಂದು ಬೋಳು ಜಾಗದಲ್ಲಿ ಆಡತೊಡಗಿದರು. ಆ ಜಾಗದಲ್ಲಿ ಹುಲ್ಲಿರಲಿಲ್ಲ. ಗರಸು ನೆಲ, ಅಲ್ಲಲ್ಲಿ ಬೆಣಚುಕಲ್ಲು, ಉತ್ತರಕ್ಕೆ ಸ್ವಲ್ಪ ಇಳಿಜಾರು. ಬಲಗಡೆ ಮೂಲೆಯಿಂದ ಗೋಲಿನ ಬಾಯಿಯವರೆಗೆ ಮಳೆನೀರು ಹರಿದು ಒಂದು ಸಣ್ಣ ಕೊರಕಲು ಬಿದ್ದಿತ್ತು. ಬೊಗಸೆಯಷ್ಟು ಆಳ ಇರಬಹುದು. ಹೊರಗಿನವರಿಗೆ ಅದು ಕಾಣುತ್ತಲೂ ಇರಲಿಲ್ಲ.

ನಮ್ಮ ಸೆಂಟರ್ ಫಾರ್ವರ್ಡ್‌ಗೆ ಕಾಣುತ್ತಿತ್ತು. ಅವನು ನನ್ನ ಮಳಿಗೆಯ ಎದುರು ಸೈಕಲ್ ಅಂಗಡಿ ಇಟ್ಟುಕೊಂಡಿದ್ದ. ಮಾತು ಕಮ್ಮಿ, ಕಾಲು ಜಾಸ್ತಿ. ಆಟದ ನಡುವೆ ಬಲಮೂಲೆಗೆ ಸರಿದುಕೊಂಡು ಚೆಂಡನ್ನು ಆ ಕೊರಕಲಿಗೆ ಇಳಿಸುತ್ತಿದ್ದ. ಚೆಂಡು ಎದುರಾಳಿಗಳ ಸ್ಟಿಕ್ಕಿಗೆ ಸಿಗದೆ ಹಾವಿನ ಹಾಗೆ ತಿರುಗಿಕೊಂಡು ಗೋಲಿನ ಮುಂದೆ ಬರುತ್ತಿತ್ತು. ಅಷ್ಟರಲ್ಲಿ ಅವನೇ ಸುತ್ತು ಹೊಡೆದು ಅಲ್ಲಿಗೆ ಬಂದಿರುತ್ತಿದ್ದ. ಒಂದು ಏಟು, ನನ್ನ ಗೋಣಿ ಪರದೆ ಉಬ್ಬುತ್ತಿತ್ತು. ಉಳಿದವರೂ ಅಷ್ಟೇ, ಯಾವ ಕಲ್ಲಿಗೆ ಬಡಿದರೆ ಚೆಂಡು ಎತ್ತ ಹಾರುತ್ತದೆ ಎಂಬುದನ್ನು ಕಾಲಲ್ಲೇ ತಿಳಿದಿದ್ದರು.

ಸುತ್ತಲ ಊರುಗಳ ಟೀಮುಗಳು ವರ್ಷಕ್ಕೊಂದು ಷೀಲ್ಡಿಗೆ ಆಡುತ್ತಿದ್ದವು. ನಮ್ಮವರು ಅಲ್ಲಿಯವರೆಗೆ ಎರಡನೇ ಸುತ್ತು ದಾಟಿದವರಲ್ಲ. ನಾನು ಹೇಳುತ್ತಿರುವ ಸುಗ್ಗಿಯಲ್ಲಿ ದಾಟಿದರು. ಕಡೂರಿನಲ್ಲಿ ಬಂದವರನ್ನೆಲ್ಲ ಸೋಲಿಸಿದರು. ಅಜ್ಜಂಪುರಕ್ಕೆ ಹೋಗಿ, ಅಲ್ಲಿಯ ನೆಲವೂ ನಮ್ಮದರಷ್ಟೇ ಒರಟಾಗಿದ್ದರಿಂದ, ಸೆಮಿಫೈನಲ್ಲನ್ನೂ ಗೆದ್ದರು. ವಾಪಸು ಬರುವ ರೈಲಿನಲ್ಲಿ ಜನ ಒಬ್ಬರ ತೊಡೆಯ ಮೇಲೆ ಒಬ್ಬರು ಕೂತಿದ್ದರು.

ಆ ರೈಲಿನಲ್ಲೇ ಬೀರೂರಿನ ಕ್ವಾರ್ಟರ್ಸಿನ ಒಬ್ಬ ರೈಲ್ವೆ ಅಧಿಕಾರಿ ನಮ್ಮ ಸೆಂಟರ್ ಫಾರ್ವರ್ಡ್‌ನನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡರು. ಆಟಗಾರರಿಗೆಂದು ಇಟ್ಟ ಒಂದು ನೌಕರಿ ಇದೆ, ಫೈನಲ್ ನೋಡಲು ಆರಿಸುವವರನ್ನು ಕರೆದುಕೊಂಡು ಬರುತ್ತೇನೆ, ಚೆನ್ನಾಗಿ ಆಡು ಎಂದರು. ವಯಸ್ಸೆಷ್ಟು ಎಂದೂ ಕೇಳಿದರು. ಆ ವರ್ಷ ದಾಟಿದರೆ ಅವನಿಗೆ ವಯಸ್ಸು ಮೀರುತ್ತಿತ್ತು. ರೈಲು ಕಡೂರಿಗೆ ಬರುವಷ್ಟರಲ್ಲಿ ಇದು ಬೋಗಿಗೆಲ್ಲ ಗೊತ್ತಾಗಿತ್ತು.

"ಏನಪ್ಪಾ ಟೇಸನ್ ಮಾಸ್ಟ್ರೇ, ನಮ್ಗೆಲ್ಲ ಟಿಕೇಟ್ ಇಲ್ದೆ ಬುಡ್ತೀಯಾ ತಾನೇ?" ಎಂದು ಒಬ್ಬರು ರೇಗಿಸಿದರು.

"ಮೊದ್ಲು ಕೆಲ್ಸ ಸಿಗ್ಲಿ ತಡಿಯಣ್ಣ," ಎಂದ ಅವನು. ನಗಲಿಲ್ಲ.

ಫೈನಲ್ಲಿಗೆ ಎದುರಾಳಿ ತರೀಕೆರೆ. ಎಲ್ಲಿ ಆಡಬೇಕೆಂಬುದನ್ನು ಎರಡೂ ಊರಿನವರು ಕೂತು ಮಾತಾಡಿಕೊಳ್ಳಬೇಕಿತ್ತು. ಮಾತಾಡಲು ನನ್ನನ್ನು ಕಳಿಸಿದರು. ಅವರ ಟೀಮಿನ ಯಜಮಾನರು ಅಕ್ಕಿ ಗಿರಣಿ ಇಟ್ಟವರು, ನನ್ನ ಗಿರಾಕಿಯೇ. ಅವರ ಹುಡುಗರು ಆಡಿ ಬೆಳೆದದ್ದು ಗಿರಣಿಯ ಹಿಂದೆ ಬತ್ತ ಒಣಹಾಕುವ ಕಣದ ಮೇಲೆ. ಅಂಗೈಯಂಥ ನೆಲ. ಅಲ್ಲಿಗೆ ನಮ್ಮವರನ್ನು ಕರೆದೊಯ್ದರೆ ಕತೆ ಮುಗಿಯಿತು ಎಂದು ನನಗೆ ಹೋಗುವ ಮೊದಲೇ ಗೊತ್ತಿತ್ತು.

"ಕಡೂರಲ್ಲಾದ್ರೆ ರೈಲೂ ಐತೆ, ನಾಕ್ ಕಡೆಯಿಂದ ಬಸ್ಸೂ ಐತೆ. ಜನ ತುಂಬ್ತಾರೆ ಯಜಮಾನ್ರೇ. ನಿಮ್ ಹುಡುಗ್ರನ್ನ ಕರ್ಕೊಂಡ್ ಬರೋ ಲಾರಿ ನಮ್ದು, ಊಟ ನಮ್ದು," ಎಂದೆ.

"ಊಟಕ್ಕೇನ್ ಹಾಕ್ತೀರಿ?"

"ಹೋಳಿಗೆ."

"ತುಪ್ಪ?"

"ತುಪ್ಪ ಇಲ್ದೆ ಹೋಳಿಗೆ ಗಂಟ್ಲಲ್ಲಿ ಇಳೀತದಾ?"

ಅವರು ನಕ್ಕು ಒಪ್ಪಿದರು. ಎದ್ದು ಬರುವಾಗ ಬಾಗಿಲಲ್ಲಿ ನಿಂತು ಒಂದು ಮಾತು ಬಿಟ್ಟರು. "ಬತ್ತೀವಿ ಬುಡ್ರೀ. ಆದ್ರೆ ನಿಮ್ದು ಗ್ರೌಂಡಲ್ಲ ಕಣ್ರೀ, ಹೊಲ. ನಮ್ ಹುಡುಗ್ರ ಕೈಗೆ ಸ್ಟಿಕ್ ಬದ್ಲು ಒಂದೊಂದ್ ಕುಂಟೆ ಕೊಟ್ ಕಳಿಸ್ತೀನಿ. ಆಡಿದಂಗೂ ಆಯ್ತು, ಹರಗಿದಂಗೂ ಆಯ್ತು."

ಈ ಮಾತು ನನಗಿಂತ ಮೊದಲು ಕಡೂರು ಮುಟ್ಟಿತ್ತು. ಅವರ ಗಿರಣಿಯಿಂದ ಬಂದ ಅಕ್ಕಿ ಲಾರಿಯವನೇ ಹೇಳಿದ್ದ. ನಾನು ಸಂಜೆ ಕ್ಷೌರದಂಗಡಿಗೆ ಹೋದಾಗ, ಅಭಿಮಾನಿಗಳಲ್ಲಿ ಹಿರಿಯರಾದ ಕೊಬ್ಬರಿ ಮಂಡಿಯವರು ಅರ್ಧ ಗಡ್ಡ ಕೆರೆಸಿಕೊಂಡು ಎದ್ದು ನಿಂತಿದ್ದರು. ನಾವೆಲ್ಲ ಅವರನ್ನು ದೊಡ್ಡಪ್ಪ ಎನ್ನುತ್ತಿದ್ದೆವು.

"ಹೊಲ ಅಂದ್ನಂತಾ? ರೈಲ್ವೆ ಸಾಹೇಬ್ರು ಬೇರೆ ಬತ್ತಾವ್ರೆ. ಅವ್ರೂ ಅದ್ನೇ ಅಂದ್ರೆ? ನಮ್ ಹುಡುಗನ್ನ ಹೊಲದಾಗ್ ನಿಲ್ಸಿ ತೋರ್ಸದಾ? ಕಣ ಮಾಡಾಕ್ ಬರಾಕಿಲ್ವೇನ್ರೋ ನಿಮ್ಗೆ?"

ಬರುತ್ತಿತ್ತು. ನಮ್ಮ ಕಡೆಯವರಿಗೆ ಹುಟ್ಟಿನಿಂದ ಬರುವ ಕೆಲಸ ಅದು. ಗೋಡು ಹಾಕಿ, ನೀರು ಚಿಮುಕಿಸಿ, ರೋಣಗಲ್ಲು ಓಡಿಸಿ, ಸಗಣಿ ಬಗ್ಗಡದಲ್ಲಿ ಸಾರಿಸಿದರೆ ಬಿದ್ದ ರಾಗಿಕಾಳನ್ನು ಕೈಯಲ್ಲೇ ಬಳಿದುಕೊಳ್ಳಬಹುದು. ಅದೇ ಕ್ಷೌರದಂಗಡಿಯ ರೇಡಿಯೋ ಮುಂದೆ ಕೂತು ಇದೇ ಜನ ಎರಡು ಮೂರು ವರ್ಷದಿಂದ ಒಂದೇ ಮಾತು ಆಡಿಕೊಳ್ಳುತ್ತಿದ್ದರು: ಮಾಂಟ್ರಿಯಲ್ ಒಲಿಂಪಿಕ್ಸಿನಲ್ಲಿ ಬಿಳಿಯರು ಹುಲ್ಲು ಕಿತ್ತು ನೈಲಾನ್ ಜಮಖಾನ ಹಾಸಿದರು, ನುಣುಪು ನೆಲದ ಮೇಲೆ ನಮ್ಮವರ ಆಟ ನಡೆಯಲಿಲ್ಲ, ಅದಕ್ಕೇ ದೇಶ ಸೋತಿತು ಎಂದು. ಆಡಿದ ಬಾಯಿಗಳೆಲ್ಲ ಅವತ್ತು ಪೊರಕೆ ಹಿಡಿಯಲು ಹೊರಟವು. ನನಗೂ ಅದು ಹೊಳೆಯಲಿಲ್ಲ. ನಾನು ಗಾಡಿ ಬಾಡಿಗೆಯ ಲೆಕ್ಕದಲ್ಲಿದ್ದೆ.

ಆಟಗಾರರಿಗೆ ಯಾರೂ ಹೇಳಲಿಲ್ಲ. ಅವರು ದಣಿಯಬಾರದು, ಮೈದಾನದ ಕಡೆ ಸುಳಿಯಲೇಬೇಡಿ ಎಂದು ದೊಡ್ಡಪ್ಪ ತಾಕೀತು ಮಾಡಿದ್ದರು. ಫೈನಲ್ ದಿನ ನೋಡಿ ಬೆರಗಾಗಲಿ ಎಂಬುದು ಒಳಗಿನ ಆಸೆ. ಕಲ್ಲು ಆಯ್ದೆವು. ಹಳ್ಳ ಮುಚ್ಚಿದೆವು. ಬಲಮೂಲೆಯ ಕೊರಕಲಿಗೆ ಹೆಚ್ಚು ಗೋಡು ಹಿಡಿಯಿತು. ಅದನ್ನು ಒಬ್ಬರು ಕಾಲಲ್ಲಿ ಮೆಟ್ಟಿ ಮೆಟ್ಟಿ ಗಟ್ಟಿ ಮಾಡಿದರು. ಮೊದಲು ಎರಡೂ ಗೋಲಿನ ಮುಂದೆ ಮಾತ್ರ ಸಾರಿಸೋಣ ಎಂದಿತ್ತು. ಹೆಂಗಸರೂ ಬಂದು ಸೇರಿಕೊಂಡ ಮೇಲೆ ಹುರುಪು ಹೆಚ್ಚಿ ಸಾರಣೆ ನಡುಗೆರೆಯವರೆಗೆ ಹೋಯಿತು. ಯಾರೋ ರಂಗೋಲಿಯನ್ನೂ ಬಿಟ್ಟರು. ದೊಡ್ಡಪ್ಪ ಅದೊಂದನ್ನು ಅಳಿಸಿದರು.

ಫೈನಲ್ಲಿನ ಹಿಂದಿನ ಸಂಜೆ ಸೆಂಟರ್ ಫಾರ್ವರ್ಡ್ ಬಂದ. ಅಂಗಡಿ ಮುಚ್ಚಿ ಸುಮ್ಮನೆ ನೋಡಲು ಬಂದವನು ಅಂಚಿನಲ್ಲೇ ನಿಂತುಬಿಟ್ಟ. ಕಣಕ್ಕೆ ಮೆಟ್ಟು ಹಾಕಿಕೊಂಡು ಇಳಿಯುವ ರೂಢಿ ನಮ್ಮಲ್ಲಿಲ್ಲ. ಅವನೂ ಚಪ್ಪಲಿ ಬಿಟ್ಟು, ಬರಿಗಾಲಲ್ಲಿ ಬಲಮೂಲೆಯವರೆಗೆ ನಡೆದು, ಅಲ್ಲಿಂದ ಗೋಲಿನ ಕಡೆ ಒಂದು ಸಲ ನೋಡಿ ವಾಪಸು ಬಂದ.

"ಹೆಂಗಯ್ತಪ್ಪಾ?" ಎಂದರು ದೊಡ್ಡಪ್ಪ. ಮೊಣಕೈವರೆಗೆ ಸಗಣಿ.

"ಚೆನ್ನಾಗ್ ಮಾಡಿದ್ದೀರಿ ದೊಡ್ಡಪ್ಪ," ಎಂದ.

ಮರುದಿನ ಜನ ನಾನು ಹೇಳಿದ್ದಕ್ಕಿಂತ ಹೆಚ್ಚೇ ತುಂಬಿದರು. ಪಂಚನಹಳ್ಳಿ, ಸಿಂಗಟಗೆರೆ ಕಡೆಯಿಂದಲೂ ಬಸ್ಸಿನ ತಲೆ ಮೇಲೆ ಕೂತು ಬಂದಿದ್ದರು. ತರೀಕೆರೆಯ ಹುಡುಗರು ಹೋಳಿಗೆ ತಿಂದು, ಮೈದಾನಕ್ಕೆ ಬಂದು, ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಗಿರಣಿ ಯಜಮಾನರು ಬಾಗಿ ನೆಲವನ್ನು ಬೆರಳಲ್ಲಿ ಉಜ್ಜಿ ನೋಡಿ ನನ್ನತ್ತ ತಿರುಗಿದರು.

"ಕಡೂರಲ್ಲಿ ಆಡೋಣ ಬನ್ನಿ ಅಂದ್ರಲ್ಲ ಮಾರಾಯ್ರೇ, ಇದು ನಮ್ ಗಿರಣಿ ಹಿತ್ಲೇ ಅಲ್ವಾ?"

ಅಷ್ಟರಲ್ಲಿ ಎರಡೂ ಟೀಮು ಬೂಟು ಹಾಕಿಕೊಂಡು ಇಳಿದವು. ಜನರ ನಡುವೆ ಕೂತಿದ್ದ ಒಬ್ಬ ಮುದುಕ, "ಲೇ, ಕಣಕ್ಕೆ ಮೆಟ್ಟಾಕ್ಕೊಂಡ್ ಇಳೀತಾವಲ್ರೋ ಇವು! ಬೆಳೆ ಬೆಳ್ದು ಕಂಡವ್ರಾ?" ಎಂದು ಕೂಗಿಕೊಂಡ. ನಗುವೋ ನಗು. ನಮ್ಮ ಹುಡುಗರಲ್ಲಿ ಇಬ್ಬರು ನಿಜಕ್ಕೂ ಕಾಲು ಹಿಂದೆಗೆದದ್ದನ್ನು ನಾನು ಕಂಡೆ.

ಆಟ ಹೆಚ್ಚು ವಿವರಿಸುವಂಥದ್ದಲ್ಲ. ತರೀಕೆರೆಯವರ ಚೆಂಡು ನೀರಿನ ಹಾಗೆ ಹರಿಯಿತು. ಎಗರುವ ಚೆಂಡಿಗೆ ಅಭ್ಯಾಸವಾದ ನಮ್ಮವರು ಸ್ಟಿಕ್ಕುಗಳನ್ನು ಗಾಳಿಯಲ್ಲೇ ಬೀಸಿದರು. ವಿರಾಮಕ್ಕೆ ಮೊದಲೇ ಎರಡು ಗೋಲು ತಿಂದೆವು. ಆಮೇಲೆ ಒಂದು ಪೆನಾಲ್ಟಿ ಕಾರ್ನರ್‌ನಲ್ಲಿ ನಮ್ಮ ಬ್ಯಾಕ್ ಒಂದು ತೀರಿಸಿದ. ಕೊನೆಯ ಹೊತ್ತಿನಲ್ಲಿ ಸೆಂಟರ್ ಫಾರ್ವರ್ಡ್ ಚೆಂಡು ಕಸಿದುಕೊಂಡು ಬಲಮೂಲೆಗೆ ಹೋದ. ಜನ ಎದ್ದು ನಿಂತರು. ರೈಲ್ವೆಯವರು ಕುರ್ಚಿಯ ತುದಿಗೆ ಬಂದರು. ಅವನು ಹೊಡೆದ. ಕಾಲಿನ ಅಭ್ಯಾಸ, ಹಳೇ ಜಾಗಕ್ಕೇ ಹೊಡೆದ. ಹೊಡೆದವನೇ ಗೋಲಿನ ಮುಂದಕ್ಕೆ ಓಡಿದ. ಚೆಂಡು ತಿರುಗಲಿಲ್ಲ. ನೆಟ್ಟಗೆ, ನುಣ್ಣಗೆ ಗೆರೆ ದಾಟಿ ಜನರ ಕಾಲ ಕೆಳಗೆ ಹೋಯಿತು. ಇನ್ನೊಮ್ಮೆ ಸಿಕ್ಕಾಗಲೂ ಹಾಗೇ ಆಯಿತು. ಎರಡು ಒಂದರಲ್ಲಿ ಸೋತೆವು.

ರೈಲ್ವೆಯ ನೌಕರಿ ತರೀಕೆರೆಯ ಲೆಫ್ಟ್ ಔಟ್ ಹುಡುಗನಿಗೆ ಹೋಯಿತು. ಚೆನ್ನಾಗಿ ಆಡಿದ್ದ, ತಪ್ಪೇನಿಲ್ಲ. ನಮ್ಮವನು ಮಾರನೇ ದಿನ ಎಂದಿನ ಹೊತ್ತಿಗೆ ಸೈಕಲ್ ಅಂಗಡಿ ಬಾಗಿಲು ತೆಗೆದ. ಮುಂದಿನ ವರ್ಷವೂ ಆಡಿದ, ಆದರೆ ಟೀಮು ಮತ್ತೆ ಫೈನಲ್ಲಿಗೆ ಹೋಗಲಿಲ್ಲ. ಎಂಬತ್ತರ ದಶಕ ಬರುವಷ್ಟರಲ್ಲಿ ಹುಡುಗರೆಲ್ಲ ಕ್ರಿಕೆಟ್ ಹಿಡಿದರು.

ಅಭಿಮಾನಿಗಳು ಮಾತ್ರ ಹಾಗೇ ಉಳಿದರು. ಸಂಜೆ ನನ್ನ ಮಳಿಗೆಯ ಚೀಲದ ಬಿಂಡಿಗಳ ಮೇಲೆ ಕೂತು ಆ ಸುಗ್ಗಿಯ ಆಟವನ್ನು ಮತ್ತೆ ಮತ್ತೆ ಆಡುತ್ತಿದ್ದರು. ಒಬ್ಬರಿಗೆ ಅಂಪೈರ್ ಕಾರಣ, ಇನ್ನೊಬ್ಬರಿಗೆ ಬಿಸಿಲು. ದೊಡ್ಡಪ್ಪನ ಪ್ರಕಾರ ತುಪ್ಪ ಕಾರಣ; ಎದುರಾಳಿಗೆ ಅಷ್ಟು ತುಪ್ಪ ಹಾಕಿ ತಾಕತ್ತು ಕೊಟ್ಟವನು ನಾನು. ನೆಲದ ವಿಷಯ ಯಾರೂ ಎತ್ತುತ್ತಿರಲಿಲ್ಲ. ದೊಡ್ಡಪ್ಪ ತೀರಿಕೊಂಡ ಮೇಲೆ ಒಂದು ದಿನ, ಮೊಪೆಡ್ಡಿನ ಚಕ್ರ ಬಿಚ್ಚುತ್ತಿದ್ದ ಸೆಂಟರ್ ಫಾರ್ವರ್ಡ್‌ನನ್ನು ನಾನೇ ಕೇಳಿದೆ.

"ಹಿಂದಿನ ಸಂಜೆ ಬಂದು ನೋಡಿದ್ಯಲ್ಲ, ಆಗ್ಲೇ ಬಾಯ್ಬಿಟ್ಟು ಯಾಕ್ ಹೇಳ್ಲಿಲ್ಲ ನೀನು? ಕೊರಕಲೊಂದ್ನಾದ್ರೂ ತೋಡಿಸ್ಬೋದಿತ್ತು."

ಅವನು ಸ್ಪ್ಯಾನರ್ ಕೆಳಗಿಟ್ಟ. "ಅಷ್ಟೊಂದ್ ಜನ ನನ್ಗೋಸ್ಕರ ಬಗ್ಗಿ ಸಗಣಿ ಸಾರಿಸ್ತಿದ್ರಲ್ಲಣ್ಣ. ದೊಡ್ಡಪ್ಪ ಅವ್ರೂ ಸೇರಿ. ಅದ್ನ ಕಿತ್ತಾಕಿ ಅಂತ ಹೆಂಗ್ ಹೇಳ್ಲಿ? ಮೊದ್ಲೇ ಕೇಳಿದ್ರೆ ಹೇಳ್ತಿದ್ದೆ."

ಅಷ್ಟು ಹೇಳಿ, ಆ ಚಕ್ರಕ್ಕೆ ಹಳೇ ಟ್ಯೂಬು ಸಾಕೋ ಹೊಸದು ಬೇಕೋ ಎಂದು ಮೊಪೆಡ್ಡಿನವರನ್ನು ಕೂಗಿ ಕೇಳಿದ.

ಓದುವ ನಿಮ್ಮಲ್ಲಿ ಯಾರಾದರೂ ಒಂದು ಟೀಮನ್ನೋ, ಅಂಗಡಿ ಇಟ್ಟ ತಮ್ಮನನ್ನೋ, ಸೊಸೆಯ ಅಡಿಗೆಮನೆಯನ್ನೋ ಉದ್ಧಾರ ಮಾಡಲು ಹೊರಟಿದ್ದರೆ ನನ್ನ ಮಾತು ಕೇಳಿ. ತಿಂದು ಮುಗಿಯುವಂಥದ್ದನ್ನು, ಹಾಕಿಕೊಂಡು ಸವೆಯುವಂಥದ್ದನ್ನು ಧಾರಾಳವಾಗಿ ಕೊಡಿ. ಕಿತ್ತಳೆ ಹಣ್ಣು ಕೊಡಿ, ಕಾಲುಚೀಲ ಕೊಡಿ, ಹೋಗಿ ಬರುವ ಬಸ್ಸಿನ ಚಾರ್ಜು ಕೊಡಿ. ಅವರು ನಿಂತ ನೆಲಕ್ಕೆ ಕೈ ಹಾಕುವುದಾದರೆ, ಕೆಲಸಕ್ಕೆ ಇಳಿಯುವ ಮೊದಲು ಹೋಗಿ ಕೇಳಿ. ನಾಲ್ಕು ಜನರ ಮುಂದೆ ಕೇಳಬೇಡಿ, ಹಿರಿಯರನ್ನು ಜೊತೆಗೆ ಕರೆದೊಯ್ಯಬೇಡಿ. ಒಬ್ಬೊಬ್ಬರನ್ನೇ ಕೇಳಿ. ಪುಕ್ಕಟೆ ಮಾಡಿಕೊಡುತ್ತೇವೆ ಎಂದರೆ ಮರ್ಯಾದಸ್ಥರು ಬೇಡ ಎನ್ನುವುದಿಲ್ಲ. ಆದ್ದರಿಂದ, ಇದಕ್ಕೆ ನಿನ್ನ ಪಾಲಿನ ಐದು ರೂಪಾಯಿ ಕೊಡಪ್ಪ ಎಂದು ಕೈ ಚಾಚಿ. ಜೇಬಿಗೆ ಹೋಗುವ ಅವನ ಕೈ ಅರ್ಧದಲ್ಲೇ ನಿಂತರೆ, ನೀವು ಕೆಲಸದ ಮಾತನ್ನು ಅಲ್ಲಿಗೇ ನಿಲ್ಲಿಸಿ ಮನೆಗೆ ಬನ್ನಿ.