ಟೇಪು ಬೇಯಿಸುವ ನೆವಿಯಾ

ಬೆಳಗಿನ ಐದೂವರೆ. ರಿಯೆಕಾ ಬಂದರಿನ ಕ್ರೇನುಗಳ ಕೆಂಪು ದೀಪ ಇನ್ನೂ ಆರಿಲ್ಲ. ಹಳೆಯ ರೇಡಿಯೋ ಕೇಂದ್ರದ ನೆಲಮಾಳಿಗೆಯಲ್ಲಿ ನೆವಿಯಾ ಬ್ರಾತುಲಿಚ್ ಸೊಂಟಕ್ಕೆ ಉಣ್ಣೆಯ ಶಾಲು ಬಿಗಿದುಕೊಂಡು ವಿದ್ಯುತ್ ಒಲೆಯ ಬಾಗಿಲನ್ನು ಎರಡು ಬೆರಳಿನಷ್ಟು ತೆರೆಯುತ್ತಾರೆ. ಒಳಗೆ ಊಟದ ತಟ್ಟೆಯಷ್ಟು ಅಗಲದ ಆರು ಟೇಪಿನ ಸುರುಳಿಗಳು ಹಿಂದಿನ ರಾತ್ರಿಯಿಂದ ಬೇಯುತ್ತಿವೆ. ಉಷ್ಣಮಾಪಕ ಪಕ್ಕದಲ್ಲೇ ಇದ್ದರೂ ಅವರಿಗೆ ಅದರ ಮೇಲೆ ನಂಬಿಕೆಯಿಲ್ಲ. ಮಗುವಿನ ಹಾಲಿನ ಬಿಸಿ ನೋಡುವಂತೆ ಮಣಿಕಟ್ಟಿನ ಒಳಭಾಗವನ್ನು ಸುರುಳಿಗೆ ತಾಗಿಸಿ ನೋಡುತ್ತಾರೆ.

"ಐವತ್ತನಾಲ್ಕು ಡಿಗ್ರಿ ಇರ್ಬೇಕು. ಜಾಸ್ತಿಯಾದ್ರೆ ಸುರುಳಿ ಸೊಟ್ಟಗಾಗುತ್ತೆ, ಕಮ್ಮಿಯಾದ್ರೆ ಅಂಟು ಬಿಡಲ್ಲ. ಮನೇಲಿ ಎಷ್ಟೋ ಸಲ ಕೇಕು ಸೀದು ಹೋಗಿದೆ. ಇಲ್ಲಿ ಒಂದು ಹಾಡೂ ಸೀದಿಲ್ಲ" ಎನ್ನುತ್ತಾರೆ.

ಟೇಪನ್ನು ಯಾಕೆ ಬೇಯಿಸಬೇಕು ಎಂದು ಕೇಳಿದರೆ ಅವರಿಗೆ ನಗು ಬರುತ್ತದೆ. ಎಂಬತ್ತರ ದಶಕದಲ್ಲಿ ರೇಡಿಯೋದವರು ಭಾರೀ ಜಂಬದಿಂದ ಹೊರದೇಶದ ದುಬಾರಿ ಟೇಪು ತರಿಸಿದ್ದರು. ನಲವತ್ತು ವರ್ಷ ಕಳೆಯುವಷ್ಟರಲ್ಲಿ ಆ ಟೇಪುಗಳೇ ತೇವ ಹೀರಿ, ಬೆಲ್ಲದ ಪಾಕದ ಹಾಗೆ ಒಂದಕ್ಕೊಂದು ಅಂಟಿಕೊಂಡವು. ಯಾರೂ ಮೂಸಿ ನೋಡದ ಅಗ್ಗದ ಟೇಪುಗಳು ಇಂದಿಗೂ ಗಟ್ಟಿಮುಟ್ಟಾಗಿವೆ. ಅಂಟಿದ್ದನ್ನು ಸಣ್ಣ ಶಾಖದಲ್ಲಿ ಎಂಟು ತಾಸು ಒಣಗಿಸಿದರೆ ಕೆಲವು ವಾರಗಳ ಮಟ್ಟಿಗೆ ಅದು ಮತ್ತೆ ಓಡುತ್ತದೆ. ಅಷ್ಟರೊಳಗೆ ಅದರಲ್ಲಿರುವುದನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳಬೇಕು. ನೆಲಮಾಳಿಗೆಯಲ್ಲಿ ಹನ್ನೊಂದು ಸಾವಿರ ಸುರುಳಿಗಳಿವೆ. ಆರು ವರ್ಷದಲ್ಲಿ ನಾಲ್ಕು ಸಾವಿರದ ಮುನ್ನೂರು ಮುಗಿದಿವೆ. ಡಿಸೆಂಬರಿನಲ್ಲಿ ನೆವಿಯಾಗೆ ನಿವೃತ್ತಿ.

ಅಪ್ಪ ಹಡಗುಕಟ್ಟೆಯಲ್ಲಿ ಬೆಸುಗೆ ಹಾಕುತ್ತಿದ್ದವರು. ಮಗಳು ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಟೈಪಿಸ್ಟ್ ಕೆಲಸಕ್ಕೆಂದು ಈ ಕಟ್ಟಡಕ್ಕೆ ಬಂದಳು. ಟೇಪು ಕತ್ತರಿಸುವವನನ್ನು ಸೈನ್ಯಕ್ಕೆ ಕರೆಸಿಕೊಂಡ ವಾರ, ಖಾಲಿ ಕುರ್ಚಿಯಲ್ಲಿ ಅವಳನ್ನು ಕೂರಿಸಿದರು. ಕೆಲಸ ಹೇಳಲು ಸುಲಭ. ಹಾಡುಗಾರ ಒಂದು ಸಲ ಹಾಡುವಾಗ ಮೊದಲ ಚರಣ ಚೆನ್ನಾಗಿ ಬಂದಿರುತ್ತದೆ, ಇನ್ನೊಂದು ಸಲಕ್ಕೆ ಎರಡನೆಯದು. ಬೇಡದ್ದನ್ನು ಬ್ಲೇಡಿನಿಂದ ಓರೆಯಾಗಿ ಕತ್ತರಿಸಿ ತೆಗೆದು, ಬೇಕಾದ ಎರಡು ತುದಿಗಳನ್ನು ಅಂಟುಪಟ್ಟಿಯಿಂದ ಕೂಡಿಸಬೇಕು. ಕೇಳುವವನಿಗೆ ಅದು ತಿಳಿಯಬಾರದು. ದಿನಕ್ಕೆ ನೂರಿಪ್ಪತ್ತು ಕೂಡಿಕೆ ಹಾಕಿದ ದಿನಗಳಿದ್ದವು. ಎಡಗೈ ಹೆಬ್ಬೆರಳಿನ ತುದಿಯಲ್ಲಿ ಬ್ಲೇಡಿನ ಗೆರೆಗಳು ಈಗಲೂ ಎದ್ದು ಕಾಣುತ್ತವೆ. ಬೆನ್ನುನೋವು ಮೂವತ್ತು ವರ್ಷದ್ದು. ಗ್ರಾಮಫೋನ್ ತಟ್ಟೆಗಳ ಹೊದಿಕೆಯ ಮೇಲೆ ವ್ಯಾನು ಓಡಿಸಿದವನ ಹೆಸರೂ ಇರುತ್ತಿತ್ತು. ಬ್ಲೇಡು ಹಿಡಿದವಳ ಹೆಸರನ್ನು ಒಂದರ ಮೇಲೂ ಹಾಕಲಿಲ್ಲ. ಬೇಸರವಾಗಲಿಲ್ಲವೇ ಎಂದರೆ, ಆಗುತ್ತಿತ್ತು, ಆಮೇಲೆ ಮನೆಗೆ ಹೋಗಿ ಮೀನು ಹುರಿಯುತ್ತಿದ್ದೆ ಎನ್ನುತ್ತಾರೆ.

ನೆವಿಯಾ ಯಾರೆಂದು ಈ ಊರಿಗೆ ಗೊತ್ತಿಲ್ಲ. ಆದರೆ ಲಿವಿಯೋ ಬೆನಾಸ್ ಮತ್ತು ರಾಂಕೊ ಯುರ್ದಾನಾ ಯಾರೆಂದು ಮೀನು ಮಾರುಕಟ್ಟೆಯ ಬೆಕ್ಕಿಗೂ ಗೊತ್ತು. ಇಬ್ಬರೂ ಗಿಟಾರಿನಲ್ಲಿ ಗಟ್ಟಿಗರು. ಒಂದು ಕಾಲದಲ್ಲಿ 'ಮೋಲೊ' ಎಂಬ ರಾಕ್ ತಂಡದಲ್ಲಿ ಜೊತೆಗಿದ್ದವರು. ಒಂದೇ ಸಿಗರೇಟನ್ನು ಇಬ್ಬರು ಸೇದುತ್ತಿದ್ದ ಗೆಳೆಯರು ಈಗ ಒಂದೇ ಬೀದಿಯಲ್ಲಿ ನಡೆಯುವುದಿಲ್ಲ. ಲಿವಿಯೋ ಕಡಲತೀರದಲ್ಲಿ ವೇದಿಕೆ ಹಾಕಿಸಿದರೆ, ಮುಂದಿನ ವಾರ ರಾಂಕೊ ಅದಕ್ಕಿಂತ ಗೇಣು ಎತ್ತರದ ವೇದಿಕೆ ಹಾಕಿಸುತ್ತಾರೆ. ರಾಂಕೊ ಕಣ್ಣು ಮುಚ್ಚಿ ನುಡಿಸುವುದು ಭಾವದಿಂದಲ್ಲ, ಒಳಗೇ ಒಂದು ಎರಡು ಎಣಿಸಲಿಕ್ಕೆ ಎಂದು ಲಿವಿಯೋ ಪತ್ರಿಕೆಗೆ ಹೇಳಿದ್ದರು. ಲಿವಿಯೋ ಟೋಪಿ ಹಾಕುವುದು ಬೋಳುತಲೆಗಾಗಿ, ಅದೇ ಅಂಗಡಿಯಲ್ಲಿ ಒಂದು ಜೊತೆ ಒಳ್ಳೆಯ ಕಿವಿಯನ್ನೂ ಕೊಳ್ಳಲಿ ಎಂದು ರಾಂಕೊ ಉತ್ತರ ಕೊಟ್ಟರು. ಇಷ್ಟೆಲ್ಲ ಆಡಿಕೊಂಡರೂ ಒಬ್ಬರ ಸಂಗೀತ ಕಛೇರಿಗೆ ಇನ್ನೊಬ್ಬರು ಕಪ್ಪು ಕನ್ನಡಕ ಹಾಕಿಕೊಂಡು ಬಂದು ಬಿಯರ್ ಅಂಗಡಿಯ ಹಿಂದೆ ನಿಂತು ಪೂರ್ತಿ ಕೇಳಿ ಹೋಗುತ್ತಾರೆ. ಅದು ಊರಿಗೆಲ್ಲ ಗೊತ್ತು. ಯಾರೂ ಗುರುತು ಹಿಡಿದಿಲ್ಲವೆಂದು ನಂಬಿರುವವರು ಅವರಿಬ್ಬರೇ.

ಜಗಳದ ಬೇರು ನಲವತ್ತೆರಡು ಸೆಕೆಂಡಿನದು. ಮೋಲೊ ತಂಡದ 'ನಾಳೆ ದೋಣಿಯಿಲ್ಲ' ಹಾಡಿನ ನಡುವೆ ಗಿಟಾರ್ ಒಂದೇ ಮಾತಾಡುವ ಭಾಗವೊಂದಿದೆ. ಈ ಕರಾವಳಿಯಲ್ಲಿ ಮದುವೆಗಳಲ್ಲೂ ಅದನ್ನು ಬಾಯಲ್ಲಿ ಗುನುಗುತ್ತಾರೆ. ಸ್ವರಗಳನ್ನು ಇಬ್ಬರೂ ಕೂಡಿಯೇ ಕಟ್ಟಿದ್ದರು, ಅದರಲ್ಲಿ ತಕರಾರಿಲ್ಲ. ನುಡಿಸಿದ್ದು ಯಾರು ಎಂಬುದೇ ತಕರಾರು. ನಾನು ಎಂದು ಲಿವಿಯೋ, ನಾನು ಎಂದು ರಾಂಕೊ. ತಟ್ಟೆ ಹೊರಬಂದ ಮೂರೇ ತಿಂಗಳಿಗೆ ತಂಡ ಒಡೆಯಿತು.

ನಿಜ ಗೊತ್ತಿದ್ದವರು ಇಬ್ಬರೇ. ಧ್ವನಿಮುದ್ರಣದ ಉಸ್ತುವಾರಿ ಹೊತ್ತಿದ್ದ ಎದಿ ತೀರಿಕೊಂಡು ಒಂಬತ್ತು ವರ್ಷವಾಯಿತು. ಉಳಿದವರು ನೆವಿಯಾ. ಆ ದಿನ ಸ್ಟುಡಿಯೋದಲ್ಲಿ, ಆ ಭಾಗ ತನಗೇ ಬೇಕೆಂದು ಲಿವಿಯೋ, ರಾಂಕೊ ಇಬ್ಬರೂ ಹಟ ಹಿಡಿದರು. ತಲೆಕೆಟ್ಟ ಎದಿ ಇಡೀ ಹಾಡನ್ನು ಎರಡು ಸಲ ಮುದ್ರಿಸಿಕೊಂಡರು. ಒಮ್ಮೆ ಲಿವಿಯೋ, ಒಮ್ಮೆ ರಾಂಕೊ. ಗಿಟಾರ್ ಅದೇ, ಆಂಪ್ಲಿಫೈಯರ್ ಅದೇ, ಕೇಂದ್ರದಲ್ಲಿ ನೆಟ್ಟಗಿದ್ದದ್ದು ಅದೊಂದೇ. ಸಂಜೆ ಎದಿ ಎರಡೂ ಸುರುಳಿಗಳನ್ನು ನೆವಿಯಾಳ ಮೇಜಿನ ಮೇಲಿಟ್ಟು, ಯಾವುದು ಒಳ್ಳೆಯದು ನೀನೇ ನೋಡಮ್ಮ ಎಂದು ಕಾಫಿ ಕುಡಿಯಲು ಹೋದರು. ಇಪ್ಪತ್ತಮೂರರ ಹುಡುಗಿ ಹನ್ನೊಂದು ಸಲ ಕೇಳಿದಳು. ಲಿವಿಯೋ ಶುರು ಮಾಡಿದ ರೀತಿಗೆ ಮೈ ಜುಮ್ಮೆನ್ನುತ್ತಿತ್ತು, ಆದರೆ ಕೊನೆಯಲ್ಲಿ ಅವಸರ. ರಾಂಕೊದು ಶುರುವಿನಲ್ಲಿ ಅಳುಕು, ಕೊನೆಯಲ್ಲಿ ತಂತಿಯನ್ನು ಎಳೆದು ನಿಲ್ಲಿಸಿದ ಜಾಗ ಅಳು ಬರಿಸುವಂಥದ್ದು. ಅವಳು ಡ್ರಮ್ಮಿನ ಒಂದು ಪೆಟ್ಟಿನ ಮೇಲೆ ಬ್ಲೇಡಿಟ್ಟು ಎರಡನ್ನೂ ಕತ್ತರಿಸಿ, ಇವನ ಅರ್ಧಕ್ಕೆ ಅವನ ಅರ್ಧವನ್ನು ಕೂಡಿಸಿದಳು. ಎದಿ ಕೇಳಿ, ಕುರ್ಚಿಯಿಂದ ಎದ್ದು ಅವಳ ಹಣೆಗೆ ಮುತ್ತಿಟ್ಟರು. ಇದು ನಮ್ಮಿಬ್ಬರಲ್ಲೇ ಇರಲಿ ಎಂದು ಮಾತು ತೆಗೆದುಕೊಂಡರು.

ತಮ್ಮ ಬೆರಳಿನ ಸದ್ದನ್ನೇ ಹುಡುಕುತ್ತ ಕೇಳುವ ಇಬ್ಬರಿಗೂ ಅದರಲ್ಲಿ ತಮ್ಮದಷ್ಟೇ ಕೇಳಿಸಿತು. ನಲವತ್ತು ವರ್ಷ ಹಾಗೆಯೇ ಕೇಳಿಸಿತು.

ಕಳೆದ ತಿಂಗಳು ಆ ತಟ್ಟೆಯನ್ನು ಹೊಸದಾಗಿ ಹೊರತರುವ ಮಾತು ಬಂತು. ಆ ಭಾಗದ ಪಕ್ಕದಲ್ಲಿ ತನ್ನೊಬ್ಬನ ಹೆಸರಿಲ್ಲದಿದ್ದರೆ ಸಹಿ ಹಾಕುವುದಿಲ್ಲವೆಂದು ಇಬ್ಬರೂ ಪಟ್ಟು ಹಿಡಿದರು. ಸಹಿ ಇಲ್ಲದಿದ್ದರೆ ಹಾಡು ಮತ್ತೆ ಕಪಾಟಿಗೆ. ಆ ಸುರುಳಿ ಒಂದು ಸಲಕ್ಕಿಂತ ಹೆಚ್ಚು ಶಾಖ ತಡೆಯುವ ಸ್ಥಿತಿಯಲ್ಲಿರಲಿಲ್ಲ. ಕೊನೆಗೆ, ಮೂಲ ಟೇಪನ್ನೇ ಇಬ್ಬರ ಎದುರು ಹಾಕಿ ಕೇಳಿಸೋಣ, ಅಲ್ಲೇ ತೀರ್ಮಾನವಾಗಲಿ ಎಂದು ಕೇಂದ್ರದ ನಿರ್ದೇಶಕರು ದಿನ ಗೊತ್ತುಮಾಡಿದರು.

ಬುಧವಾರ ಬೆಳಗಿನ ಜಾವ ನೆವಿಯಾ ಸುರುಳಿಯನ್ನು ಒಲೆಯಿಂದ ತೆಗೆದು ಮೆಲ್ಲಗೆ ಕೈಯಲ್ಲಿ ತಿರುಗಿಸಿದರು. ಇಪ್ಪತ್ತಮೂರರ ವಯಸ್ಸಿನಲ್ಲಿ ತಾವೇ ಹಾಕಿದ ಕೂಡಿಕೆ ಶಾಖಕ್ಕೆ ಒಣಗಿ ಅಂಚು ಬಿಟ್ಟಿತ್ತು. ಹೊಸ ಅಂಟುಪಟ್ಟಿ ಹಾಕಿದರೆ ಒಂದು ನಿಮಿಷದ ಕೆಲಸ. ಯಾರಿಗೂ ತಿಳಿಯುತ್ತಿರಲಿಲ್ಲ, ಮುಂದೆಯೂ ತಿಳಿಯುತ್ತಿರಲಿಲ್ಲ. ಪಟ್ಟಿಯನ್ನು ಕೈಗೆತ್ತಿಕೊಂಡವರು ಹಾಗೇ ಕೂತುಬಿಟ್ಟರು.

"ಎದಿಗೆ ಕೊಟ್ಟ ಮಾತು ಒಂದ್ಕಡೆ. ಇನ್ನೊಂದ್ಕಡೆ ಇವ್ರು. ನಾನು ಮುಚ್ಚಿಟ್ಟಿದ್ದಕ್ಕೇ ಅಲ್ವಾ ಇಬ್ರೂ ಮಾತು ಬಿಟ್ಟಿದ್ದು? ಬಾಯಿ ಬಿಟ್ರೂ ಕಷ್ಟ. ಜೀವಮಾನ ಪೂರ್ತಿ ನಂದು ನಂದು ಅಂದ್ಕೊಂಡಿದ್ದರಲ್ಲಿ ಅರ್ಧ ನಿಂದಲ್ಲ ಕಣಯ್ಯಾ ಅಂತ ಮುದುಕರಿಗೆ ಹೇಗೆ ಹೇಳೋದು?" ಎಂದು ನೆನೆಯುತ್ತಾರೆ. ಅವರು ಪಟ್ಟಿಯನ್ನು ಮೇಜಿನ ಖಾನೆಗೆ ಹಾಕಿ, ಸುರುಳಿಯನ್ನು ಇದ್ದ ಹಾಗೆಯೇ ಯಂತ್ರಕ್ಕೆ ಏರಿಸಿದರು.

ಹತ್ತು ಗಂಟೆಗೆ ಲಿವಿಯೋ ಟೋಪಿಯೊಂದಿಗೆ ಬಂದರು. ಹತ್ತೂ ಐದಕ್ಕೆ ರಾಂಕೊ, ಕಾಯಿಸಲೆಂದೇ ಐದು ನಿಮಿಷ ತಡ. ಒಬ್ಬರ ಮುಖ ಗೋಡೆಗೆ, ಇನ್ನೊಬ್ಬರದು ಕಿಟಕಿಗೆ. ಟೇಪು ಓಡಿತು. ಗಿಟಾರ್ ಎದ್ದಿತು. ಅರ್ಧ ದಾರಿಯಲ್ಲಿ ಚಟ್ಟೆಂದು ಸದ್ದಾಗಿ ಟೇಪು ಎರಡಾಯಿತು. ಒಂದು ತುದಿ ಸುರುಳಿಯ ಮೇಲೆ ಸುಮ್ಮನೆ ಪಟಪಟ ಬಡಿಯತೊಡಗಿತು. ನೆವಿಯಾ ಯಂತ್ರ ನಿಲ್ಲಿಸಿ, ಎರಡು ತುದಿಗಳನ್ನೂ ಅವರ ಮುಂದೆ ಹಿಡಿದರು. ತುಂಡಾಗಿದ್ದಲ್ಲ, ಓರೆಯಾಗಿ ಕತ್ತರಿಸಿದ್ದು ಎಂಬುದು ಯಾರ ಕಣ್ಣಿಗಾದರೂ ಕಾಣುವಂತಿತ್ತು. ಇಷ್ಟು ವರ್ಷ ಹೇಳದೆ ಇದ್ದುದನ್ನು ಅವರು ನಾಲ್ಕೇ ಮಾತಿನಲ್ಲಿ ಹೇಳಿ ಮುಗಿಸಿದರು.

ಮೊದಲು ಸಿಟ್ಟಾದವರು ರಾಂಕೊ. ಮುಖ ಕೆಂಪಾಯಿತು. "ನಮ್ಮನ್ನ ಒಂದ್ ಮಾತು ಕೇಳ್ದೆ ಕತ್ತರಿಸೋಕೆ ನೀನ್ಯಾರು?"

"ಕೇಳಿದ್ರೆ ಒಪ್ತಿದ್ರಾ?" ಎಂದರು ನೆವಿಯಾ.

ಲಿವಿಯೋ ಟೋಪಿ ತೆಗೆದು ಮಡಿಲಲ್ಲಿಟ್ಟುಕೊಂಡರು. ಕೊನೆಯ ಎಳೆತ ತನ್ನದಲ್ಲವೇ ಎಂದು ಸಣ್ಣ ದನಿಯಲ್ಲಿ ಕೇಳಿದರು. ಅಲ್ಲ, ರಾಂಕೊದು ಎಂದರು ನೆವಿಯಾ. ಲಿವಿಯೋ ತಮ್ಮ ಎಡಗೈಯನ್ನು ನೋಡಿಕೊಂಡರು. ಆಮೇಲೆ ಗೋಡೆಗಲ್ಲ, ನೇರವಾಗಿ ರಾಂಕೊಗೆ ಹೇಳಿದರು:

"ನಲವತ್ತು ವರ್ಷ ಸ್ಟೇಜಿನ ಮೇಲೆ ಅದನ್ನ ನುಡಿಸೋಕೆ ಒದ್ದಾಡಿದೀನಿ ಮಾರಾಯ. ಒಂದ್ಸಲಾನೂ ಹಾಗೆ ಬರ್ಲಿಲ್ಲ. ನನ್ನ ಕೈ ಸತ್ತುಹೋಯ್ತು ಅಂದ್ಕೊಂಡಿದ್ದೆ."

ರಾಂಕೊ ಕಿಟಕಿಯಿಂದ ಇತ್ತ ತಿರುಗಿದರು. "ನಂಗೆ ಶುರುನೇ ಬರ್ತಿರ್ಲಿಲ್ಲ. ಡ್ರಮ್ಮರ್ ಸರಿಯಿಲ್ಲ ಅಂತ ಬೈದು ಬೈದು ಮೂರು ಜನರನ್ನ ಓಡಿಸ್ದೆ" ಎಂದರು. ಅದರಲ್ಲಿ ಒಬ್ಬ ಸ್ವಂತ ಭಾವಮೈದುನನಂತೆ.

ಯಾರು ಮೊದಲು ನಕ್ಕರೆಂದು ನೆವಿಯಾ ಹೇಳುವುದಿಲ್ಲ. ಹೇಳಿದರೆ ಅದಕ್ಕೂ ಒಂದು ಜಗಳ ಶುರುವಾಗುತ್ತದಂತೆ. ನಿರ್ದೇಶಕರು ಖಾನೆಯಿಂದ ರಾಕಿ ಎಂಬ ಹಣ್ಣಿನ ಸಾರಾಯಿಯ ಬಾಟಲಿ ತೆಗೆದರು. ಮಾತು ಬಿಟ್ಟವರು ಮಾತಾಡಿದರು. ಅವರು ಹೆಚ್ಚಾಗಿ ಆಡಿದ್ದು ಆಂಪ್ಲಿಫೈಯರ್, ಸಕ್ಕರೆ ಕಾಯಿಲೆ ಮತ್ತು ತೀರಿಹೋದ ಎದಿಯ ವಿಚಾರ. ಹೊಸ ಹೊದಿಕೆಯ ಮೇಲೆ ಇಬ್ಬರ ಹೆಸರೂ ಬರಲಿ ಎಂದು ಐದು ನಿಮಿಷದಲ್ಲಿ ಒಪ್ಪಿದರು. ಯಾರ ಹೆಸರು ಮೊದಲು ಎಂಬುದಕ್ಕೆ ಒಂದೂವರೆ ತಾಸು ಹಿಡಿಯಿತು. ಶುರು ಮಾಡಿದವನು ನಾನು ಎಂದು ಲಿವಿಯೋ, ಜನ ನೆನಪಿಟ್ಟಿರುವುದು ಮುಗಿಸಿದ್ದನ್ನು ಎಂದು ರಾಂಕೊ. ಅದು ಇನ್ನೂ ಪೂರ್ತಿ ಇತ್ಯರ್ಥವಾಗಿಲ್ಲ, ಆದರೆ ಸಹಿ ಬಿದ್ದಿದೆ.

ಅವರಿಬ್ಬರೂ ಮತ್ತೆ ಗೆಳೆಯರಾಗಿಬಿಟ್ಟರು ಎಂದೇನೂ ಅಲ್ಲ. ಹೋದ ಶನಿವಾರ ರಾಂಕೊ ಕಛೇರಿಯಲ್ಲಿ ಲಿವಿಯೋ ಬಿಯರ್ ಅಂಗಡಿಯ ಹಿಂದಲ್ಲದೆ ಮೊದಲ ಸಾಲಿನಲ್ಲಿ ಕೂತಿದ್ದರು. ಕನ್ನಡಕ ಇರಲಿಲ್ಲ. ಮುಗಿದ ಮೇಲೆ ಚಪ್ಪಾಳೆ ತಟ್ಟಿ, ಎರಡನೆಯ ತಂತಿ ಶ್ರುತಿ ತಪ್ಪಿತ್ತು ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿ ಹೋದರು.

ಕಂಪ್ಯೂಟರಿಗೆ ಇಳಿಸುವವರು ನೆವಿಯಾ ಬಳಿ ಬಂದು, ಆ ಕೂಡಿಕೆಯ ಜಾಗವನ್ನು ಇನ್ನಷ್ಟು ನಯ ಮಾಡಿಕೊಡುತ್ತೇವೆ ಎಂದಿದ್ದರು. ಅವರು ಒಪ್ಪಲಿಲ್ಲ. ನಲವತ್ತೊಂದು ವರ್ಷದ ನೌಕರಿಯಲ್ಲಿ ಅವರು ಬಾಯಿಬಿಟ್ಟು ಕೇಳಿಕೊಂಡದ್ದು ಅದೊಂದೇ, ಅದನ್ನು ಮುಟ್ಟಬೇಡಿ ಎಂದು. ಹೊದಿಕೆಯ ಮೇಲೆ ಅವರ ಹೆಸರನ್ನೂ ಹಾಕಬೇಕೆಂದು ಲಿವಿಯೋ, ರಾಂಕೊ ಇಬ್ಬರೂ ಹಟ ಹಿಡಿದಿದ್ದಾರೆ, ಬಹುಶಃ ಅವರಿಬ್ಬರೂ ಒಂದಾಗಿ ಹಿಡಿದ ಮೊದಲ ಹಟ. ಹಾಕಿದರೆ ಬೇಡ ಅನ್ನಲ್ಲ, ಅಕ್ಷರ ತಪ್ಪಿಲ್ಲದೆ ಹಾಕಲಿ ಎನ್ನುತ್ತಾರೆ ನೆವಿಯಾ. ಆದರೆ ಅವರ ಮುಖ ಬೆಳಗುವುದು ಆ ಬುಧವಾರದ ಇನ್ನೊಂದು ಸಂಗತಿಯನ್ನು ಹೇಳುವಾಗ.

ರಾಕಿಯ ಎರಡನೆಯ ಲೋಟ ಮುಗಿದ ಮೇಲೆ ಅವರು ಇಬ್ಬರ ಎದುರಿಗೇ ಹೊಸ ಅಂಟುಪಟ್ಟಿಯಿಂದ ಆ ತುದಿಗಳನ್ನು ಮತ್ತೆ ಕೂಡಿಸಿದರು. ಸರಿಯಾಗಿ ಯಾವ ಪೆಟ್ಟಿನಲ್ಲಿ ಬದಲಾಗುತ್ತದೋ ಅಲ್ಲಿ ಕೈ ಎತ್ತಿ ಎಂದು ಹೇಳಿ ಹಾಡು ಹಾಕಿದರು. ಈ ಕರಾವಳಿಯ ಅತಿ ಚುರುಕಿನ ಎರಡು ಜೊತೆ ಕಿವಿಗಳು ಮುಂದೆ ಬಾಗಿದವು. ಲಿವಿಯೋ ಕೈ ಎತ್ತಿದ್ದು ಬಲು ಬೇಗ, ರಾಂಕೊ ಎತ್ತಿದ್ದು ಬಲು ತಡ. ಇನ್ನೊಂದು ಸಲ ಹಾಕು ಎಂದರು. ಮೂರು ಸಲ ಹಾಕಿದ್ದಾಯಿತು.

"ಕಣ್ಣಾರೆ ನೋಡಿದ್ರು, ಮುಟ್ಟಿ ನೋಡಿದ್ರು, ಆದ್ರೂ ಸಿಗ್ಲಿಲ್ಲ. ನನ್ನ ಕೆಲ್ಸ ಯಾರಿಗೂ ಕೇಳಿಸ್ಬಾರ್ದು ಅಂತಾನೇ ಅಲ್ವಾ ಮಾಡಿದ್ದು?" ನೆವಿಯಾ ಒಲೆಯ ಬಾಗಿಲು ಮುಚ್ಚಿ, ಮುಂದಿನ ಸುರುಳಿಗೆ ಕೈ ಹಾಕುತ್ತಾರೆ. "ಅವ್ರಿಗೇ ಕೇಳಿಸ್ಲಿಲ್ಲ."