ಗಿರಾಕಿಯ ಕಡೆಗೆ ತಿರುಗಿಸಿದ ಪರದೆ

ಪುತ್ತೂರು ಬಸ್ ನಿಲ್ದಾಣದ ಹತ್ತಿರ, ಮಹಡಿಯ ಮೇಲಿರುವ ನನ್ನ ಸ್ಟುಡಿಯೋಕ್ಕೆ ಮದುವೆಯವರಿಗಿಂತ ಸಾವಿನ ಮನೆಯವರೇ ಹೆಚ್ಚು ಬರುತ್ತಾರೆ. ಮದುವೆಯವರಿಗೆ ಈಗ ಡ್ರೋನ್ ಬೇಕು, ಹಾಡು ಬೇಕು. ನನ್ನ ಗಂಟುಮೋರೆ ಕಂಡರೇ ಅವರ ಉತ್ಸಾಹ ಇಳಿದುಹೋಗುತ್ತದೆ. ಬೊಜ್ಜದವರಿಗೆ, ಅಂದರೆ ಉತ್ತರಕ್ರಿಯೆಯ ಮನೆಯವರಿಗೆ, ಬೇಕಾದದ್ದು ಮಾಲೆ ಹಾಕಿ ಇಡಲು ಫ್ರೇಮಿನೊಳಗೊಂದು ಮುಖ, ಅಷ್ಟೆ. ಆ ಮುಖ ಹೆಚ್ಚಾಗಿ ಯಾರದ್ದೋ ಮದುವೆಯ ಗುಂಪು ಫೋಟೋದಲ್ಲಿ ಸಿಕ್ಕಿಕೊಂಡಿರುತ್ತದೆ. ಅದನ್ನು ಬಿಡಿಸಿ, ಹೆಗಲ ಮೇಲಿನ ಬೇರೆಯವರ ಕೈ ಅಳಿಸಿ, ಹಿಂದೆ ನೀಲಿ ಬಣ್ಣ ತುಂಬುವುದು ನನ್ನ ಕೆಲಸ.

ನನ್ನ ಕಂಪ್ಯೂಟರಿಗೆ ಎರಡು ಪರದೆ. ಮೊದಲು ಎರಡೂ ನನ್ನ ಕಡೆಗೇ ಇದ್ದವು. ಎಡದ್ದರಲ್ಲಿ ಚಿತ್ರ ಇರುತ್ತಿತ್ತು. ಫೋಟೋ ತಿದ್ದುವ ಸಾಫ್ಟ್‌ವೇರ್ ಆಗಾಗ ಏನಾದರೂ ಕೇಳಲು ತೆರೆಯುವ ಸಣ್ಣ ಪೆಟ್ಟಿಗೆಗಳನ್ನೆಲ್ಲ ನಾನು ಬಲದ ಪರದೆಗೆ ಎಳೆದು ಹಾಕಿ ಹಾಕಿ, ಅವು ತಾವಾಗಿಯೇ ಅಲ್ಲಿ ತೆರೆಯತೊಡಗಿದ್ದವು. ಬಂದವರು ನನ್ನ ಬೆನ್ನ ಹಿಂದೆ ನಿಂತು "ಮೂಗು ಸ್ವಲ್ಪ ಸಣ್ಣ ಮಾಡಿ ಮಾರಾಯ್ರೆ" ಎನ್ನುವುದು ಕೇಳಿ ಕೇಳಿ ತಲೆ ಕೆಟ್ಟುಹೋಗಿತ್ತು. ಒಂದು ಭಾನುವಾರ ಬಲದ ಪರದೆಯನ್ನು ಮೇಜಿನ ಆಚೆ ಬದಿಗೆ, ಗಿರಾಕಿಯ ಕುರ್ಚಿಗೆ ಎದುರಾಗಿ ತಿರುಗಿಸಿಟ್ಟೆ. ಅದರಲ್ಲೂ ಅದೇ ಚಿತ್ರ ಕಾಣುವಂತೆ ಇನ್ನೊಂದು ವಿಂಡೋ ತೆರೆದಿಟ್ಟೆ. ಅಲ್ಲೇ ಕೂತು ನೋಡಿಕೊಳ್ಳಲಿ, ನನ್ನ ಬೆನ್ನಿಗೆ ಬಿಡುಗಡೆ ಸಿಕ್ಕಿದರೆ ಸಾಕೆಂದುಕೊಂಡೆ.

ಮರುದಿನ ಕಾಣಿಯೂರು ಕಡೆಯ ಹೆಂಗಸೊಬ್ಬರು ಬಂದರು. ತುಳುವಿನಲ್ಲಿ ಶುರು ಮಾಡಿದವರು ನನ್ನ ಹರಕುಮುರುಕು ತುಳು ಕೇಳಿ ಕನಿಕರದಿಂದ ಕನ್ನಡಕ್ಕೆ ಇಳಿದರು. ಕಾಲೇಜಿಗೆ ಹೋಗುತ್ತಿದ್ದ ಮಗಳು ತೀರಿಕೊಂಡಿದ್ದಳು. "ಜ್ವರ ಬಂದದ್ದು, ಬಿಡ್ಲೇ ಇಲ್ಲ" ಎಂದರು. ನಾಳೆಯೇ ಬೊಜ್ಜ. ಮೊಬೈಲಿನಲ್ಲಿದ್ದ ಮದುವೆಯ ಫೋಟೋವೊಂದರ ಎರಡನೇ ಸಾಲಿನಲ್ಲಿ ಮಗಳು ನಗುತ್ತಿದ್ದಳು.

ಅವರು ಕುರ್ಚಿಯ ತುದಿಯಲ್ಲಿ ಕೂತು ಪರದೆ ನೋಡುತ್ತಿದ್ದರು. ಮುಖ ದೊಡ್ಡದಾಗಿ ಬಂದಾಗ ಸೆರಗಿನ ತುದಿ ಬಾಯಿಗೆ ಒತ್ತಿಕೊಂಡರು. ರೂಢಿಯಂತೆ ನಾನು ಮುಖ ಬೆಳ್ಳಗೆ ಮಾಡಲು ಹೊರಟೆ.

"ಬಿಳಿ ಮಾಡುದು ಬೇಡ. ಅವಳು ಕಪ್ಪೇ," ಎಂದರು.

ಕೆಲಸ ಮುಗಿಸಿ ಸೇವ್ ಕೊಟ್ಟೆ. ಏನೂ ಆಗಲಿಲ್ಲ. ಎಲ್ಲಿ ಒತ್ತಿದರೂ 'ಡಣ್' ಎಂಬ ಸದ್ದು ಬಿಟ್ಟರೆ, ಜಪ್ಪಯ್ಯ ಅಂದರೂ ಕಂಪ್ಯೂಟರ್ ಜಗ್ಗಲಿಲ್ಲ. ಸುಳ್ಯದಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ಗೆಳೆಯನಿಗೆ ಫೋನ್ ಹಚ್ಚಿದೆ. "ಹ್ಯಾಂಗ್ ಆಗಿರ್ಬೇಕು ಮಾರಾಯ, ಬಂದ್ ಮಾಡಿ ಇನ್ನೊಮ್ಮೆ ಓಪನ್ ಮಾಡು," ಎಂದ. ಹಾಗೇ ಮಾಡಿದೆ. ಮೊದಲಿನಿಂದ ಮುಖ ಬಿಡಿಸಿದೆ, ಕೈ ಅಳಿಸಿದೆ, ಸೇವ್ ಕೊಟ್ಟೆ. ಮತ್ತೆ ಅದೇ ಡಣ್. ಅವನಿಗೆ ಬಯ್ದೆ, ಸಾಫ್ಟ್‌ವೇರಿಗೆ ಬಯ್ದೆ, ಮತ್ತೆ ಬಂದ್ ಮಾಡಿದೆ. ಕೂತವರ ಕಡೆಗೆ ತಲೆ ಎತ್ತಲೂ ಇಲ್ಲ. ಮತ್ತೊಮ್ಮೆ ಎಲ್ಲ ಮಾಡಿ, ಮತ್ತೆ ಅಲ್ಲೇ ಸಿಕ್ಕಿಕೊಂಡು, ಬಂದ್ ಮಾಡಲು ಕೈ ಹಾಕಿದಾಗ ಅವರ ದನಿ ಕೇಳಿಸಿತು.

"ಬೇಡ ಮಾರಾಯ್ರೆ. ಎಷ್ಟು ಸಲ ಹೋಗುದು ಅವಳು?"

ನನ್ನ ಕೈ ನಿಂತಿತು. ನಾನು ಬಂದ್ ಮಾಡಿದಾಗಲೆಲ್ಲ ಆ ಕಡೆ, ಅವರ ಕಣ್ಣೆದುರೇ, ಮಗಳು ಮಾಯವಾಗುತ್ತಿದ್ದಳು. ನನಗದು ಹೊಳೆದೇ ಇರಲಿಲ್ಲ.

"ಕಂಪ್ಯೂಟರ್ ಹ್ಯಾಂಗ್ ಆದದ್ದಮ್ಮ," ಎಂದೆ.

"ಅವಳ ಬಾಯಿಯ ಮೇಲೆ ಎಂತದೋ ಒಂದು ಬಂದು ಕೂತುಂಟು. ಪ್ರತಿ ಸಲ ಬರ್ತದೆ. ಅದು ಬಂದ ಮೇಲೆಯೇ ನೀವು ಬಯ್ಯುದು. ನೀವೇ ಇಟ್ಟದ್ದು ಅಂತ ಗ್ರಹಿಸಿದೆ."

ಎದ್ದು ಮೇಜು ಸುತ್ತಿ ಹೋದೆ. ಹುಡುಗಿಯ ನಗುವನ್ನು ಮುಚ್ಚಿಕೊಂಡು, ಯಾವ ಗುಣಮಟ್ಟದಲ್ಲಿ ಸೇವ್ ಮಾಡಲಿ ಎಂದು ಇಂಗ್ಲಿಷಿನಲ್ಲಿ ಕೇಳುತ್ತಾ ಪೆಟ್ಟಿಗೆಯೊಂದು ಕಾದಿತ್ತು. ಪರದೆಯನ್ನು ತಿರುಗಿಸಿದವನು ನಾನು, ಸಾಫ್ಟ್‌ವೇರಿಗೇನು ಗೊತ್ತು? ಅದು ಎಂದಿನಂತೆ ಬಲದ ಪರದೆಯಲ್ಲೇ ನನ್ನನ್ನು ಕೇಳುತ್ತಿತ್ತು, ಮತ್ತು ಅಲ್ಲಿ ಕೂತಿದ್ದವರು ಆ ತಾಯಿ. ಮೌಸನ್ನು ಅಲ್ಲಿಗೇ ಎಳೆದುಕೊಂಡು ಉತ್ತರ ಕೊಟ್ಟೆ. ಪೆಟ್ಟಿಗೆ ಹೋಯಿತು, ನಗು ಕಂಡಿತು. ಅವರು ಬೆರಳ ತುದಿಯಿಂದ ಪರದೆಯನ್ನೊಮ್ಮೆ ಮುಟ್ಟಿದರು.

ಫ್ರೇಮಿನ ಅಳತೆಗೆ ಇನ್ನೊಂಚೂರು ತಿದ್ದಿದ ಮೇಲೆ ಫೋಟೋ ಪ್ರಿಂಟಾಗಿ ಫ್ರೇಮಿಗೆ ಸೇರಿತು. ಅದನ್ನು ಪೇಪರಿನಲ್ಲಿ ಸುತ್ತಿ ಎದೆಗೆ ಒತ್ತಿ ಹಿಡಿದು ಬಾಗಿಲವರೆಗೆ ಹೋದವರು ತಿರುಗಿ ನಿಂತರು.

"ನಾನು ಮೆಟ್ಲು ಇಳಿದ ಮೇಲೆ ಬಂದ್ ಮಾಡಿ ಆಯ್ತಾ."

ಕಿಟಕಿಯಲ್ಲಿ ನಿಂತು, ಅವರು ರಸ್ತೆ ದಾಟಿ ಬಸ್ ನಿಲ್ದಾಣದ ಜನರ ನಡುವೆ ಕಾಣದಾಗುವವರೆಗೆ ನೋಡಿದೆ. ಆಮೇಲೆ ಬಂದು, ಚಿತ್ರ ಮುಚ್ಚಲು ಒತ್ತಿದೆ. ಡಣ್. ಪೆಟ್ಟಿಗೆ ಮತ್ತೆ ಆ ಕಡೆಗೇ ಬಂದಿತ್ತು. ಸುತ್ತಿ ಹೋಗಿ ಅವರ ಕುರ್ಚಿಯಲ್ಲೇ ಕೂರಬೇಕಾಯಿತು. ಮುಚ್ಚುವ ಮೊದಲು ಉಳಿಸಿಕೊಳ್ಳಲೇ ಎಂದು ಅದು ಕೇಳುತ್ತಿತ್ತು. ಹೌದು ಎಂದು ಒತ್ತಿದೆ. ಆದರೂ ಅವಳು ಹೋದಳು.